ಸ್ಪೆಕ್ಟ್ರಮ್ 48ಕೆ: ಮೈನಸ್ 5 ವೋಲ್ಟ್ ಕಳೆದುಕೊಂಡ ಬೋರ್ಡಿನ ರಿಪೇರಿ

1982ರಲ್ಲಿ ಸಿಂಕ್ಲೇರ್ ರಿಸರ್ಚ್ ಸಂಸ್ಥೆ ಮಾರುಕಟ್ಟೆಗೆ ತಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಗೃಹ ಕಂಪ್ಯೂಟರಿನ 48ಕೆ ಮಾದರಿಯೊಂದು, ಇಷ್ಯೂ 3 (ಮೂರನೆಯ ಆವೃತ್ತಿಯ) ಬೋರ್ಡ್ ಇರುವುದು, ರಿಪೇರಿಗಾಗಿ ನನ್ನ ಮೇಜಿಗೆ ಬಂದಿತ್ತು. ಟಿವಿಯಲ್ಲಿ ಚಿತ್ರವೇ ಮೂಡುವುದಿಲ್ಲ, ಪ್ಲಗ್ ಚುಚ್ಚಿದ ಕೂಡಲೇ ಅಡಾಪ್ಟರ್ ಗುಂಯ್‌ಗುಡುತ್ತಾ ಬಿಸಿಯಾಗುತ್ತದೆ ಎಂದು ಕೊಟ್ಟವರು ಹೇಳಿದ್ದರು. ಆ ಮಾತನ್ನು ಪರೀಕ್ಷಿಸಲೆಂದು ಯಂತ್ರಕ್ಕೆ ಮತ್ತೊಮ್ಮೆ ವಿದ್ಯುತ್ ಕೊಡುವ ಅಗತ್ಯ ನನಗೆ ಕಾಣಲಿಲ್ಲ. ಈ ಬೋರ್ಡಿನಲ್ಲಿ ವಿದ್ಯುತ್ತಿನ ದೋಷವಿದ್ದಾಗ ಒಂದೊಂದು ಸಲ ಚಾಲು ಮಾಡಿದಾಗಲೂ ಇನ್ನೊಂದು ಮೆಮೊರಿ ಚಿಪ್ ಸಾಯುವ ಸಾಧ್ಯತೆ ಇರುತ್ತದೆ. ಅದರ ಕಾರಣ ಬೋರ್ಡಿನ ವಿದ್ಯುತ್ ವ್ಯವಸ್ಥೆಯಲ್ಲೇ ಇರುವುದರಿಂದ ಮೊದಲು ಅದನ್ನು ವಿವರಿಸುತ್ತೇನೆ.

ಅಡಾಪ್ಟರಿನಿಂದ ಬರುವುದು ನಿಯಂತ್ರಣವಿಲ್ಲದ 9 ವೋಲ್ಟ್ ಡಿಸಿ. ಅದರ ಸಾಮರ್ಥ್ಯ 1.4 ಆಂಪಿಯರ್. ಬೋರ್ಡಿನೊಳಗೆ ಈ 9 ವೋಲ್ಟ್ ಎರಡು ದಾರಿ ಹಿಡಿಯುತ್ತದೆ. ಒಂದು ದಾರಿ ಹೀಟ್‌ಸಿಂಕ್‌ಗೆ ಕೂರಿಸಿದ 7805 ರೆಗ್ಯುಲೇಟರಿಗೆ ಹೋಗಿ 5 ವೋಲ್ಟ್ ಆಗುತ್ತದೆ. ಝಡ್80 ಪ್ರೊಸೆಸರ್, ರೋಮ್ (ROM, ಯಂತ್ರದ ಕಾಯಂ ಪ್ರೋಗ್ರಾಂ ಇರುವ ಚಿಪ್), ಯುಎಲ್‌ಎ (ತೆರೆಯ ಚಿತ್ರ ಮೂಡಿಸುವ ಚಿಪ್) ಎಲ್ಲವೂ ಇದರಿಂದಲೇ ನಡೆಯುತ್ತವೆ. ಇನ್ನೊಂದು ದಾರಿ ಒಂದು ಪುಟ್ಟ ಕಾಯಿಲ್ ಮತ್ತು ಟಿಆರ್4, ಟಿಆರ್5 ಎಂಬ ಎರಡು ಟ್ರಾನ್ಸಿಸ್ಟರುಗಳಿಂದಾದ ಪರಿವರ್ತಕಕ್ಕೆ ಹೋಗುತ್ತದೆ. ಟಿಆರ್4, ಅಂದರೆ ಝಡ್‌ಟಿಎಕ್ಸ್650, ಕಾಯಿಲಿನ ಮೂಲಕ ಹರಿಯುವ ವಿದ್ಯುತ್ತನ್ನು ವೇಗವಾಗಿ ಕಡಿದು ಜೋಡಿಸುತ್ತಿದ್ದರೆ, ಟಿಆರ್5, ಅಂದರೆ ಝಡ್‌ಟಿಎಕ್ಸ್213, ಅದರ ಬೇಸಿಗೆ ಎಷ್ಟು ಚಾಲನೆ ಸಿಗಬೇಕೆಂಬುದನ್ನು ಹತೋಟಿಯಲ್ಲಿಡುತ್ತದೆ. ಹೀಗೆ ಎದ್ದ ಅಲೆಯನ್ನು ಡಿ15 ಡಯೋಡ್ ಸೋಸಿ ಪ್ಲಸ್ 12 ವೋಲ್ಟ್ ಮಾಡುತ್ತದೆ. ಅದೇ ಅಲೆಯಿಂದ ಕೆಪಾಸಿಟರ್, ಡಯೋಡ್ ಮತ್ತು 5.1 ವೋಲ್ಟಿನ ಝೀನರ್ (ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಡಯೋಡ್) ಸೇರಿ ಮೈನಸ್ 5 ವೋಲ್ಟ್ ತೆಗೆಯುತ್ತವೆ.

ಈ ಎರಡು ಹೆಚ್ಚುವರಿ ವೋಲ್ಟೇಜುಗಳು ಮುಖ್ಯವಾಗಿ ಬೇಕಾಗಿರುವುದು ಕೆಳಗಿನ 16ಕೆ ಮೆಮೊರಿಯ ಎಂಟು 4116 ಚಿಪ್ಪುಗಳಿಗೆ. ಮೇಲಿನ 32ಕೆ ಮೆಮೊರಿಗೆ 5 ವೋಲ್ಟ್ ಒಂದೇ ಸಾಕು. 4116ರ ಒಂದನೆಯ ಕಾಲಿಗೆ ಮೈನಸ್ 5, ಎಂಟನೆಯದಕ್ಕೆ ಪ್ಲಸ್ 12, ಒಂಬತ್ತನೆಯದಕ್ಕೆ ಪ್ಲಸ್ 5 ಬರುತ್ತವೆ, ಹದಿನಾರನೆಯದು ಗ್ರೌಂಡ್. ಅದೇ ಬೋರ್ಡಿನಲ್ಲಿರುವ 16 ಕಾಲಿನ ಸಾಮಾನ್ಯ ಟಿಟಿಎಲ್ (ಲಾಜಿಕ್) ಚಿಪ್ಪುಗಳಲ್ಲಿ ಎಂಟನೆಯದು ಗ್ರೌಂಡ್, ಹದಿನಾರನೆಯದು 5 ವೋಲ್ಟ್ ಆಗಿರುವುದರಿಂದ, ಅಭ್ಯಾಸಬಲದಿಂದ ಮೀಟರಿನ ಕಡ್ಡಿ ಇಡುವವರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸುವುದು ಒಳ್ಳೆಯದು. ಮೈನಸ್ 5ರ ಗೆರೆಯಿಂದ, ಅಂದರೆ ಆ ವೋಲ್ಟೇಜನ್ನು ಸಾಗಿಸುವ ಟ್ರ್ಯಾಕಿನಿಂದ, 4116 ಎಳೆಯುವ ವಿದ್ಯುತ್ ತೀರಾ ಅಲ್ಪ; ಆದರೆ ಚಿಪ್ಪಿನ ಸಿಲಿಕಾನ್ ತಳವನ್ನು ಗ್ರೌಂಡಿಗಿಂತ ಕೆಳಗೆ ಹಿಡಿದಿಡುವುದು ಆ ಗೆರೆಯೇ. ಹಾಗಾಗಿ ಮೈನಸ್ 5 ಎಲ್ಲಕ್ಕಿಂತ ಮೊದಲು ಬರಬೇಕು, ಎಲ್ಲಕ್ಕಿಂತ ಕೊನೆಗೆ ಹೋಗಬೇಕು. ಅದು ಇಲ್ಲದೆ 12ರ ಗೆರೆಯಲ್ಲಿ ವೋಲ್ಟೇಜ್ ನಿಂತರೆ ಚಿಪ್ ಮಿತಿಮೀರಿ ವಿದ್ಯುತ್ ಎಳೆದು ಒಳಗೇ ಸುಟ್ಟುಹೋಗುತ್ತದೆ. ಸ್ಪೆಕ್ಟ್ರಮ್‌ನಲ್ಲಿ ಈ ಅಪಾಯ ಕೇವಲ ಪುಸ್ತಕದ ಮಾತಲ್ಲ. ಪರಿವರ್ತಕದ ಅಲೆ ನಿಂತಾಗ ಮೈನಸ್ 5 ಸೊನ್ನೆಗೆ ಇಳಿಯುತ್ತದೆಯಾದರೂ 12ರ ಗೆರೆ ಸೊನ್ನೆಯಾಗುವುದಿಲ್ಲ. ಅಡಾಪ್ಟರಿನ 9 ವೋಲ್ಟ್ ಕಾಯಿಲ್ ಮತ್ತು ಡಿ15ರ ಮೂಲಕ ನೇರವಾಗಿ ಹರಿದು, ಒಂದು ಡಯೋಡಿನಷ್ಟು ಕಡಿಮೆಯಾಗಿ, ಅಲ್ಲಿ ನಿಂತಿರುತ್ತದೆ.

ಮೊದಲು ಅಡಾಪ್ಟರ್

ಅಡಾಪ್ಟರನ್ನು ಯಂತ್ರಕ್ಕೆ ಸೇರಿಸದೆ ಪ್ರತ್ಯೇಕವಾಗಿ ಅಳೆದಾಗ 13.6 ವೋಲ್ಟ್ ಬಂತು. 9 ಎಂದು ಬರೆದಿರುವಲ್ಲಿ 13.6 ಕಂಡು ಗಾಬರಿಯಾಗಬೇಕಿಲ್ಲ; ನಿಯಂತ್ರಣವಿಲ್ಲದ ಅಡಾಪ್ಟರ್ ಹೊರೆಯಿಲ್ಲದಾಗ ಹೀಗೇ ಮೇಲೇರಿರುತ್ತದೆ. ಪ್ಲಗ್ಗಿನ ನಡುವಿನ ತೂತು ಮೈನಸ್, ಹೊರಗಿನ ಸುತ್ತು ಪ್ಲಸ್ ಎಂಬುದನ್ನೂ ಇದೇ ಹಂತದಲ್ಲಿ ಖಚಿತಪಡಿಸಿಕೊಂಡೆ. ಈಗ ಸಿಗುವ 9 ವೋಲ್ಟಿನ ಅಡಾಪ್ಟರುಗಳಲ್ಲಿ ಹೆಚ್ಚಿನವು ಇದಕ್ಕೆ ತದ್ವಿರುದ್ಧವಾಗಿರುತ್ತವೆ.

ಹೊರೆಯಿಲ್ಲದ ಅಳತೆಯಿಂದ ತಿಳಿಯುವುದು ಅಷ್ಟೇ. 10 ಓಮ್, 10 ವ್ಯಾಟಿನ ರೆಸಿಸ್ಟರನ್ನು ಅಡಾಪ್ಟರಿಗೆ ಅಡ್ಡಲಾಗಿ ಕಟ್ಟಿ ಮತ್ತೆ ಅಳೆದಾಗ ಡಿಸಿ 9.1 ವೋಲ್ಟ್ ತೋರಿತು. ನೋಡಲು ಆರೋಗ್ಯಕರವಾದ ಅಂಕಿ ಅದು. ಆದರೆ ಮೀಟರನ್ನು ಎಸಿಗೆ ತಿರುಗಿಸಿದಾಗ ಅದೇ ತಂತಿಗಳ ನಡುವೆ 1.3 ವೋಲ್ಟ್ ಇತ್ತು. ಡಿಸಿಯ ಮೇಲೆ ಹೀಗೆ ಉಳಿಯುವ ಏರಿಳಿತ, ಅಂದರೆ ರಿಪಲ್ ಅಲೆ, ಹೆಚ್ಚುಕಡಿಮೆ ಗರಗಸದ ಹಲ್ಲಿನ ಆಕಾರದಲ್ಲಿರುತ್ತದೆ ಎಂದಿಟ್ಟುಕೊಂಡರೆ, 1.3 ವೋಲ್ಟ್ ಎಂದರೆ ತುದಿಯಿಂದ ತಳಕ್ಕೆ ಸುಮಾರು 4.5 ವೋಲ್ಟಿನ ಏರಿಳಿತ. ಅಂದರೆ ಸರಾಸರಿ 9.1 ಇದ್ದರೂ ಪ್ರತಿ ಅಲೆಯ ತಗ್ಗಿನಲ್ಲಿ ಅಡಾಪ್ಟರ್ 7 ವೋಲ್ಟಿಗಿಂತ ಕೆಳಗೆ ಬೀಳುತ್ತಿತ್ತು. 5 ವೋಲ್ಟ್ ಕೊಡಬೇಕಾದರೆ 7805ಗೆ ಒಳಗೆ 7 ವೋಲ್ಟಾದರೂ ಬೇಕು. ಪರಿವರ್ತಕಕ್ಕೂ ಅದೇ ತಗ್ಗಿನಲ್ಲಿ ಉಸಿರು ಕಟ್ಟುತ್ತದೆ. ಡಿಸಿ ಅಳತೆಯೊಂದನ್ನೇ ನೋಡಿ ಅಡಾಪ್ಟರ್ ಸರಿಯಿದೆ ಎಂದು ತೀರ್ಪು ಕೊಡುವ ರೂಢಿಯನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ.

ಮನೆಯ ವಿದ್ಯುತ್ತಿನಿಂದ ಕಿತ್ತು, ಒಳಗಿನ ಕೆಪಾಸಿಟರನ್ನು ರೆಸಿಸ್ಟರಿನ ಮೂಲಕ ಬರಿದು ಮಾಡಿದ ನಂತರ ಅಡಾಪ್ಟರನ್ನು ಬಿಚ್ಚಿದೆ. ಟ್ರಾನ್ಸ್‌ಫಾರ್ಮರಿನ ಸುರುಳಿಗಳು ಮತ್ತು ನಾಲ್ಕೂ ಡಯೋಡುಗಳು ಸರಿಯಿದ್ದವು. ದೋಷ ಇದ್ದದ್ದು ಒಣಗಿಹೋದ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನಲ್ಲಿ. ಅದರ ಜಾಗಕ್ಕೆ 4700 ಮೈಕ್ರೋಫ್ಯಾರಡ್, 25 ವೋಲ್ಟಿನದನ್ನು ಹಾಕಿ, ಅದೇ ಹೊರೆಯೊಂದಿಗೆ ಅಳೆದಾಗ ಡಿಸಿ 10.2, ರಿಪಲ್ 0.4 ವೋಲ್ಟ್ ಬಂತು. ಅಡಾಪ್ಟರಿನ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಅದು ಗುಂಯ್‌ಗುಡುತ್ತಿದ್ದದ್ದಕ್ಕೆ ಈ ಕೆಪಾಸಿಟರ್ ಕಾರಣವಾಗಿರಲಾರದು. ಗುಂಯ್ ಎನ್ನುವುದು ವಿಪರೀತ ಹೊರೆಯ ಸದ್ದು, ಆ ಹೊರೆ ಬೋರ್ಡಿನಲ್ಲೇ ಎಲ್ಲೋ ಇರಬೇಕು.

ತಣ್ಣಗಿರುವ ಬೋರ್ಡಿನಲ್ಲಿ ಓಮ್ ಅಳತೆ

ಕೀಲಿಮಣೆಯ ಎರಡು ಪ್ಲಾಸ್ಟಿಕ್ ಪಟ್ಟಿಗಳು ಇಷ್ಟು ವರ್ಷಗಳಲ್ಲಿ ಹಪ್ಪಳದಂತೆ ಮುರಿಯುವ ಹಂತಕ್ಕೆ ಬಂದಿರುತ್ತವೆಯಾದ್ದರಿಂದ, ಮುಚ್ಚಳವನ್ನು ಸ್ವಲ್ಪವೇ ಎತ್ತಿ ಅವುಗಳನ್ನು ನೇರವಾಗಿ ಮೇಲಕ್ಕೆ ಎಳೆದು ಬಿಡಿಸಿದೆ. ಬಳಿಕ ವಿದ್ಯುತ್ ಇಲ್ಲದ ಬೋರ್ಡಿನಲ್ಲಿ ನಾಲ್ಕು ಗೆರೆಗಳನ್ನು ಗ್ರೌಂಡಿಗೆ ಹೋಲಿಸಿ ಅಳೆದೆ. 5 ವೋಲ್ಟಿನ ಗೆರೆ ನೂರಾರು ಓಮ್ ತೋರಿತು. ಅದರಲ್ಲಿ ಶಂಕೆಗೆ ಎಡೆಯಿಲ್ಲ. ಮೈನಸ್ 5ರ ಗೆರೆಯೂ ಶಾರ್ಟ್ ಆಗಿರಲಿಲ್ಲ. ಆದರೆ 9 ವೋಲ್ಟಿನ ಗೆರೆ 0.7 ಓಮ್, 12ರ ಗೆರೆ 2.1 ಓಮ್ ತೋರಿದವು.

ಇವೆರಡು ಒಂದೇ ದೋಷದ ಎರಡು ಮುಖಗಳೇ, ಅಥವಾ ಬೇರೆ ಬೇರೆ ದೋಷಗಳೇ ಎಂಬುದನ್ನು ಬೆಸುಗೆ ಕಡ್ಡಿ ಮುಟ್ಟುವ ಮೊದಲೇ ತೀರ್ಮಾನಿಸಬಹುದು. ಡಿ15ರ ಬಾಣ 12ರ ಗೆರೆಯ ಕಡೆಗಿದೆ. ಮೀಟರಿನ ಪ್ಲಸ್ ಕಡ್ಡಿಯನ್ನು 12ರ ಗೆರೆಗಿಟ್ಟಾಗ ಡಯೋಡ್ ತಿರುವುಮುರುವಾಗಿ ನಿಂತು ದಾರಿ ಮುಚ್ಚುತ್ತದೆ. ಆದ್ದರಿಂದ ಆ 2.1 ಓಮ್ ಕಾಯಿಲಿನಿಂದಾಗಲಿ ಟಿಆರ್4ರಿಂದಾಗಲಿ ಬಂದಿರಲು ಸಾಧ್ಯವಿಲ್ಲ. ಅದು 12ರ ಗೆರೆಯಲ್ಲೇ ಇರುವ ಯಾವುದೋ ಭಾಗದ ಶಾರ್ಟ್. 9 ವೋಲ್ಟಿನ ಗೆರೆಯ 0.7 ಓಮಿಗೆ ಟಿಆರ್4ರ ಮೇಲೆ ಸಂಶಯ ಹೋಗುವುದು ಸಹಜ: 9 ವೋಲ್ಟಿನಿಂದ ಕಾಯಿಲ್, ಕಾಯಿಲಿನಿಂದ ಟಿಆರ್4, ಅಲ್ಲಿಂದ ಗ್ರೌಂಡ್. ಅದನ್ನು ಬೋರ್ಡಿನಿಂದ ತೆಗೆದು ಅಳೆದಾಗ ಕಲೆಕ್ಟರ್ ಮತ್ತು ಎಮಿಟರ್ ನಡುವೆ ಎರಡೂ ದಿಕ್ಕಿನಲ್ಲಿ ಶಾರ್ಟ್ ಇತ್ತು, ಬೋರ್ಡಿನ 9 ವೋಲ್ಟಿನ ಗೆರೆ ಸರಿಹೋಯಿತು, 12ರ ಗೆರೆ ಮಾತ್ರ 2.1 ಓಮಿನಲ್ಲೇ ಉಳಿಯಿತು.

ಹೊಸ ಝಡ್‌ಟಿಎಕ್ಸ್650 ಹಾಕಿ ಚಾಲು ಮಾಡಿ ನೋಡುವ ಆಸೆ ಇಲ್ಲಿ ಬಲವಾಗಿ ಕಾಡುತ್ತದೆ. ಈ ಟ್ರಾನ್ಸಿಸ್ಟರನ್ನು ಬದಲಿಸಿದ ಕೂಡಲೇ ಅದು ಮತ್ತೆ ಸುಟ್ಟಿತು ಎಂದು ದೂರುವವರು ಸಾಮಾನ್ಯವಾಗಿ ಈ ತಿರುವಿನಲ್ಲೇ ಎಡವಿರುತ್ತಾರೆ. 12ರ ಗೆರೆಯಲ್ಲಿ ಶಾರ್ಟ್ ಉಳಿದಿರುವಾಗ ಪರಿವರ್ತಕದ ಅಲೆ ಏಳುವುದೇ ಇಲ್ಲ, ಹೊಸ ಟ್ರಾನ್ಸಿಸ್ಟರ್ ಪೂರ್ತಿ ತೆರೆದುಕೊಂಡು ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಶಾರ್ಟ್ ಆದ ಚಿಪ್ಪನ್ನು ಮಿಲಿವೋಲ್ಟಿನಿಂದ ಹುಡುಕುವುದು

12ರ ಗೆರೆಗೆ ಎಂಟು 4116ಗಳು, ಅವುಗಳ ಪಕ್ಕದ ಪುಟ್ಟ ಸೆರಾಮಿಕ್ ಕೆಪಾಸಿಟರುಗಳು ಮತ್ತು ಬಣ್ಣದ ಸಂಕೇತ ತಯಾರಿಸುವ ಎಲ್‌ಎಂ1889 ಚಿಪ್ ಸೇರಿಕೊಂಡಿವೆ. ಯಾವುದಕ್ಕೂ ಸಾಕೆಟ್ ಇಲ್ಲ, ಎಲ್ಲವನ್ನೂ ನೇರವಾಗಿ ಬೆಸೆಯಲಾಗಿದೆ. ಒಂದೊಂದನ್ನೇ ಕೀಳುತ್ತಾ ಹೋದರೆ ಶಾರ್ಟ್ ಸಿಗುವ ಹೊತ್ತಿಗೆ ಬೋರ್ಡಿನ ಟ್ರ್ಯಾಕುಗಳು ಎದ್ದುಬಂದಿರುತ್ತವೆ.

ಅದರ ಬದಲು ಬೆಂಚ್ ಸಪ್ಲೈಯನ್ನು ಅರ್ಧ ವೋಲ್ಟಿಗೆ ಇಳಿಸಿ, ಅದರ ಪ್ಲಸ್ ತಂತಿಯನ್ನು ಡಿ15ರ 12 ವೋಲ್ಟಿನ ತುದಿಗೂ ಮೈನಸ್ ತಂತಿಯನ್ನು ಗ್ರೌಂಡಿಗೂ ಕಟ್ಟಿದೆ. ಅರ್ಧ ವೋಲ್ಟಿಗೆ ಸಿಲಿಕಾನ್ ಜಂಕ್ಷನ್ ಯಾವುದೂ ತೆರೆದುಕೊಳ್ಳುವುದಿಲ್ಲವಾದ್ದರಿಂದ ಆರೋಗ್ಯವಾಗಿರುವ ಚಿಪ್ಪುಗಳಿಗೆ ಇದರಿಂದ ಅಪಾಯವಿಲ್ಲ. ಹರಿಯುವ ಕಾಲು ಆಂಪಿಯರಿನಷ್ಟು ವಿದ್ಯುತ್ತೆಲ್ಲವೂ ಶಾರ್ಟ್ ಆಗಿರುವ ಜಾಗದ ಮೂಲಕವೇ ಹೋಗಬೇಕು. ಹೀಗೆ ಹರಿಯುವಾಗ ತಾಮ್ರದ ಟ್ರ್ಯಾಕಿನ ಉದ್ದಕ್ಕೂ ವೋಲ್ಟೇಜ್ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಮಲ್ಟಿಮೀಟರನ್ನು 200 ಮಿಲಿವೋಲ್ಟಿನ ವ್ಯಾಪ್ತಿಗೆ ಇಟ್ಟು, ಒಂದು ಕಡ್ಡಿಯನ್ನು ಡಿ15ರಲ್ಲೇ ಊರಿ, ಇನ್ನೊಂದರಿಂದ ಪ್ರತಿ 4116ರ ಎಂಟನೆಯ ಕಾಲನ್ನು ಸಾಲಾಗಿ ಮುಟ್ಟುತ್ತಾ ಹೋದೆ. ಮೊದಲ ಚಿಪ್ಪಿನಲ್ಲಿ 1.1 ಮಿಲಿವೋಲ್ಟ್, ಮುಂದಿನದರಲ್ಲಿ 1.9, ಅದರಾಚೆಗೆ 2.8, ಮತ್ತೂ ಮುಂದೆ 3.6 ಎಂದು ಏರುತ್ತಾ ಹೋದ ಅಂಕಿ, ಐದನೆಯ ಚಿಪ್ಪಿನಿಂದಾಚೆ 3.6ರಲ್ಲೇ ನಿಂತುಬಿಟ್ಟಿತು. ವಿದ್ಯುತ್ ನಾಲ್ಕನೆಯ ಚಿಪ್ಪಿನವರೆಗೆ ಹರಿದು ಅಲ್ಲಿಯೇ ಗ್ರೌಂಡಿಗೆ ಇಳಿಯುತ್ತಿದೆ, ಅದರಾಚೆಯ ಟ್ರ್ಯಾಕಿನಲ್ಲಿ ಹರಿವೇ ಇಲ್ಲ ಎಂಬುದು ಇದರ ಅರ್ಥ.

ಅಪರಾಧಿ ಚಿಪ್ಪೋ ಅದರ ಪಕ್ಕದ ಕೆಪಾಸಿಟರೋ ಎಂಬ ಪ್ರಶ್ನೆ ಉಳಿಯುತ್ತದೆ. ಮೊದಲು ಕೆಪಾಸಿಟರಿನ ಒಂದು ಕಾಲು ಬಿಡಿಸಿದೆ, ಶಾರ್ಟ್ ಹೋಗಲಿಲ್ಲ. ಸತ್ತ ಚಿಪ್ಪನ್ನು ಇಡಿಯಾಗಿ ಉಳಿಸಿಕೊಳ್ಳುವ ಗೊಡವೆ ಬೇಡವಾದ್ದರಿಂದ ಅದರ ಕಾಲುಗಳನ್ನೆಲ್ಲ ದೇಹದ ಬಳಿಯೇ ಕತ್ತರಿಸಿ, ಉಳಿದ ತುಂಡುಗಳನ್ನು ಒಂದೊಂದಾಗಿ ಕಾಯಿಸಿ ಚಿಮುಟದಿಂದ ತೆಗೆದು, ತೂತುಗಳನ್ನು ಸ್ವಚ್ಛಗೊಳಿಸಿ ಸಾಕೆಟ್ ಬೆಸೆದೆ. 12ರ ಗೆರೆ ಈಗ ಕಿಲೋಓಮ್‌ಗಳಲ್ಲಿ ಅಳೆಯುವ ಸ್ಥಿತಿಗೆ ಬಂದಿತ್ತು.

ಇಷ್ಟರಿಂದ ಘಟನೆಗಳ ಅನುಕ್ರಮವನ್ನೂ ಊಹಿಸಬಹುದು. ಮೊದಲು ಟಿಆರ್4 ಶಾರ್ಟ್ ಆಗಿದ್ದರೆ ಕಾಯಿಲಿನ ತುದಿ ಗ್ರೌಂಡಿಗೆ ಅಂಟಿ, 12ರ ಗೆರೆಯೂ ಜೊತೆಗೇ ಬಿದ್ದು, ಮೆಮೊರಿ ಬಚಾವಾಗಬೇಕಿತ್ತು. ಮೆಮೊರಿ ಸತ್ತಿದೆ ಎಂದರೆ, ಟ್ರಾನ್ಸಿಸ್ಟರ್ ಇನ್ನೂ ಬದುಕಿದ್ದಾಗಲೇ ಅಲೆ ನಿಂತಿರಬೇಕು, ಮೈನಸ್ 5 ಇಲ್ಲದೆ 12ರ ಗೆರೆಯಲ್ಲಿ ಎಂಟು ವೋಲ್ಟಿನ ಆಸುಪಾಸು ಉಳಿದಿರಬೇಕು, ಚಿಪ್ ಶಾರ್ಟ್ ಆದ ನಂತರ ಆ ಹೊರೆಯಿಂದ ಟಿಆರ್4 ಸತ್ತಿರಬೇಕು. ಅಲೆ ನಿಂತದ್ದಕ್ಕೆ ತಗ್ಗುಗಳಲ್ಲಿ ಕುಸಿಯುತ್ತಿದ್ದ ಆ ಅಡಾಪ್ಟರೇ ಸಾಕಷ್ಟು ಕಾರಣ ಎಂಬುದು ನನ್ನ ಅಭಿಪ್ರಾಯ.

ಪರಿವರ್ತಕವನ್ನು ಮತ್ತೆ ನಿಲ್ಲಿಸುವುದು

ಕಾಯಿಲಿನ ಎನಾಮಲ್ ಕಪ್ಪಾಗಿರಲಿಲ್ಲ, ಸುರುಳಿ ಕಡಿದಿರಲಿಲ್ಲ. ಟಿಆರ್5, ಡಿ15 ಮತ್ತು ಝೀನರ್ ಬಿಡಿಯಾಗಿ ಅಳೆದಾಗ ಸರಿಯಿದ್ದುದರಿಂದ ಅವುಗಳನ್ನು ಮುಟ್ಟಲಿಲ್ಲ. ಟಿಆರ್4ರ ಜಾಗಕ್ಕೆ ಹೊಸ ಝಡ್‌ಟಿಎಕ್ಸ್650 ಕೂರಿಸಿದೆ. ಹಳೆಯ ಬೋರ್ಡ್ ಎಂದ ಕೂಡಲೇ ಎಲ್ಲ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನೂ ಬದಲಿಸಿಬಿಡುವ ಪದ್ಧತಿಯಲ್ಲಿ ನನಗೆ ಪೂರ್ಣ ನಂಬಿಕೆಯಿಲ್ಲ, ಹಾಗೆ ಮಾಡಿದವರಲ್ಲಿ ಅನೇಕರಿಗೆ ಮೂಲ ದೋಷ ಯಾವುದಿತ್ತೆಂಬುದೇ ತಿಳಿದಿರುವುದಿಲ್ಲ. ಆದರೆ ಪರಿವರ್ತಕದ ಸುತ್ತ ಇರುವವು ವೇಗದ ಅಲೆಯನ್ನು ಸದಾ ನುಂಗುತ್ತಾ ಬಂದಿರುತ್ತವೆ, ಅವು ಒಣಗಿದರೆ ಅದರ ಪೆಟ್ಟು ನೇರವಾಗಿ ಟಿಆರ್4ಕ್ಕೆ ಬೀಳುತ್ತದೆ. ಆದ್ದರಿಂದ ಅವನ್ನು ಮಾತ್ರ ಬದಲಿಸಿದೆ. ಮೈನಸ್ 5ರ ಗೆರೆಯನ್ನು ಸೋಸುವ ಕೆಪಾಸಿಟರಿನ ಪ್ಲಸ್ ಕಾಲು ಗ್ರೌಂಡಿಗೆ ಬರಬೇಕೆಂಬುದನ್ನು ಇಲ್ಲಿ ಮರೆಯಬಾರದು.

ಮೊದಲ ಚಾಲನೆಗೆ ಬೆಂಚ್ ಸಪ್ಲೈಯನ್ನು 9 ವೋಲ್ಟಿಗೆ, ಮಿತಿಯನ್ನು 1.2 ಆಂಪಿಯರಿಗೆ ಇಟ್ಟೆ. ಸುರಕ್ಷತೆಯ ಹೆಸರಿನಲ್ಲಿ ಈ ಮಿತಿಯನ್ನು ತೀರಾ ಕೆಳಗಿಟ್ಟರೆ ಅದೇ ಅಪಾಯಕ್ಕೆ ಎಡೆಮಾಡುತ್ತದೆ: ವೋಲ್ಟೇಜ್ ಕುಸಿದು ಅಲೆ ಏಳದಿದ್ದರೆ ಮತ್ತೆ ಮೈನಸ್ 5 ಇಲ್ಲದ ಸ್ಥಿತಿ ಬರುತ್ತದೆ. ಖಾಲಿ ಸಾಕೆಟಿನ ಒಂದನೆಯ ತೂತಿಗೂ ಎಂಟನೆಯ ತೂತಿಗೂ ಸಣ್ಣ ತಂತಿಗಳನ್ನು ಸಿಕ್ಕಿಸಿ, ಎರಡು ಮೀಟರುಗಳನ್ನು ಮೊದಲೇ ಕಟ್ಟಿಟ್ಟೆ. ಚಾಲನೆಯಲ್ಲಿರುವ ಬೋರ್ಡಿನ ಮೇಲೆ ಕಡ್ಡಿ ಜಾರಿದರೆ ಇಷ್ಟು ಹೊತ್ತಿನ ಕೆಲಸ ನೀರಿನಲ್ಲಿ ಹೋಮ. ಕಣ್ಣಿಡಬೇಕಾದದ್ದು ಮೈನಸ್ 5ರ ಮೀಟರಿನ ಮೇಲೆ, ಅದು ಮೇಲೇಳದಿದ್ದರೆ ತಕ್ಷಣ ಕಿತ್ತುಬಿಡಬೇಕು. ಅದು ಮೈನಸ್ 4.9 ತೋರಿತು, ಇನ್ನೊಂದು 12.1 ತೋರಿತು. 5 ವೋಲ್ಟಿನ ಗೆರೆ 5.03 ಇತ್ತು. ವಿದ್ಯುತ್ ಕಿತ್ತು, ಸಾಕೆಟಿಗೆ ಹೊಸ 4116 ಒತ್ತಿ ಮತ್ತೆ ಕೊಟ್ಟಾಗಲೂ ಅಂಕಿಗಳು ಬದಲಾಗಲಿಲ್ಲ.

ಟಿವಿಯಲ್ಲಿ ಬಿಳಿ ಅಂಚು, ಅದರೊಳಗೆ ನೀಲಿ ಹಿನ್ನೆಲೆ, ನೀಲಿಯ ಮೇಲೆ ಸಣ್ಣ ಕೆಂಪು ಲಂಬ ಗೆರೆಗಳು ಬಂದು ಹಾಗೇ ನಿಂತವು. ಈ ಚಿತ್ರವನ್ನು ಓದಲು ರೋಮ್ (ROM) ಏನು ಮಾಡುತ್ತದೆಂದು ತಿಳಿದಿದ್ದರೆ ಸಾಕು. ಯಂತ್ರ ಚಾಲೂ ಆದಾಗ ಅದು ಮೆಮೊರಿಯ ಪ್ರತಿ ಬೈಟಿಗೂ 2 ಎಂಬ ಅಂಕಿಯನ್ನು ತುಂಬಿ, ನಂತರ ಒಂದೊಂದನ್ನೂ ಎರಡು ಸಲ ಇಳಿಸಿ ಸೊನ್ನೆ ಬರುತ್ತದೆಯೇ ಎಂದು ನೋಡುತ್ತದೆ. ತೆರೆಯ ಮೆಮೊರಿಯೂ ಅದರೊಳಗೇ ಇರುವುದರಿಂದ, ಆರೋಗ್ಯವಾದ ಯಂತ್ರದಲ್ಲಿ ಒಂದು ಕ್ಷಣ ಕಪ್ಪು ಹಿನ್ನೆಲೆಯ ಮೇಲೆ ಪ್ರತಿ ಎಂಟು ಚುಕ್ಕೆಗೆ ಒಂದರಂತೆ ಕೆಂಪು ಗೆರೆ ಕಾಣುತ್ತದೆ. ಬಣ್ಣದ ಬೈಟಿನಲ್ಲಿ 2 ಎಂದರೆ ಕಪ್ಪಿನ ಮೇಲೆ ಕೆಂಪು. 2ರ ಬದಲು 10 ಇದ್ದರೆ ನೀಲಿಯ ಮೇಲೆ ಕೆಂಪು. ಅಂದರೆ (ಸೊನ್ನೆಯಿಂದ ಎಣಿಸಿದರೆ) ಮೂರನೆಯ ಬಿಟ್ ಸದಾ 1 ಆಗಿಯೇ ಉಳಿಯುತ್ತಿದೆ. ಹತ್ತಿರದಿಂದ ನೋಡಿದಾಗ ಎಂಟು ಚುಕ್ಕೆಗಳ ಪ್ರತಿ ಗುಂಪಿನಲ್ಲೂ ಐದನೆಯದು ಮತ್ತು ಏಳನೆಯದು ಕೆಂಪಾಗಿದ್ದವು. ಅದೂ ಈ ಲೆಕ್ಕಕ್ಕೆ ತಾಳೆಯಾಯಿತು.

ಆ ಬಿಟ್ಟಿನ ಚಿಪ್ ಯಾವುದೆಂದು ಹುಡುಕಲು ಝಡ್80ಯ ಎಂಟನೆಯ ಕಾಲಿನಿಂದ, ಅಂದರೆ ಡಿ3 ಗೆರೆಯಿಂದ, ಪ್ರತಿ 4116ರ ಹದಿನಾಲ್ಕನೆಯ ಕಾಲಿಗೆ ಓಮ್ ಅಳೆದೆ. ಇಲ್ಲಿ ಮೀಟರ್ ಬೀಪ್ ಎನ್ನುವುದನ್ನು ಕಾಯುತ್ತಾ ಕೂರಬಾರದು. ಪ್ರೊಸೆಸರಿಗೂ ಕೆಳಗಿನ ಮೆಮೊರಿಗೂ ನಡುವೆ ಪ್ರತಿ ಡೇಟಾ ಗೆರೆಯಲ್ಲಿ 470 ಓಮಿನ ರೆಸಿಸ್ಟರ್ ಇದೆ. ಸುಮಾರು 470 ತೋರಿದ ಚಿಪ್ಪನ್ನೂ ಅದೇ ವಿಧಾನದಿಂದ ತೆಗೆದು ಸಾಕೆಟ್ ಹಾಕಿದೆ. ವಿದ್ಯುತ್ ಕೊಟ್ಟಾಗ ಕೆಂಪು ಗೆರೆಗಳು ಒಂದು ಕ್ಷಣ ಮಿಂಚಿ ಮರೆಯಾಗಿ, ತೆರೆಯ ಕೆಳಗೆ 1982ರ ಹಕ್ಕುಸ್ವಾಮ್ಯದ ಸಾಲು ಬಂದಿತು.

ಉಳಿದ ಕೆಲಸಗಳು

7805 ತೆಗೆದು ಸ್ವಿಚಿಂಗ್ ಮಾಡ್ಯೂಲ್ ಹಾಕಿದರೆ ಬಿಸಿ ಕಡಿಮೆಯಾಗುತ್ತದೆ ಎಂಬುದು ನಿಜ. 10.2 ವೋಲ್ಟಿನ ಅಡಾಪ್ಟರಿನೊಂದಿಗೆ 5 ವೋಲ್ಟಿನ ಗೆರೆಯಲ್ಲಿ 0.6 ಆಂಪಿಯರ್ ಹರಿದರೆ 7805 ಮೂರು ವ್ಯಾಟಿಗೂ ಸ್ವಲ್ಪ ಹೆಚ್ಚು ಶಾಖ ಉಗುಳುತ್ತದೆ. ಆದರೆ ಹೀಟ್‌ಸಿಂಕ್ ಇರುವುದೇ ಅದಕ್ಕೆ. ಒಣಗಿದ ಹಳೆಯ ಪೇಸ್ಟ್ ಒರೆಸಿ ಹೊಸದನ್ನು ತೆಳುವಾಗಿ ಸವರಿ, ತಿರುಪನ್ನು ಬಿಗಿ ಮಾಡಿದೆ. ಸರಿಯಾಗಿ ಕೆಲಸ ಮಾಡುತ್ತಿರುವ ಭಾಗವನ್ನು ಬದಲಿಸಲು ನನಗೆ ಮನಸ್ಸು ಬರಲಿಲ್ಲ. ಮುಚ್ಚಳ ಹಾಕಿ ಒಂದು ತಾಸು ಓಡಿಸಿದ ಮೇಲೆ ಮತ್ತೆ ಅಳೆದಾಗ 5ರ ಗೆರೆ 5.01, 12ರ ಗೆರೆ 12.0, ಮೈನಸ್ 5ರ ಗೆರೆ ಮೈನಸ್ 4.9 ಇದ್ದವು.

ಹಿಂಭಾಗದ ಎಡ್ಜ್ ಕನೆಕ್ಟರಿನಲ್ಲಿ 5 ಮತ್ತು 9 ವೋಲ್ಟಿನ ಸಂಪರ್ಕಗಳು ಅಕ್ಕಪಕ್ಕದಲ್ಲೇ ಇವೆ, ಮೈನಸ್ 5 ಮತ್ತು 12 ಕೂಡ ಅಲ್ಲಿಗೇ ಬಂದಿವೆ. ಚಾಲನೆಯಲ್ಲಿರುವಾಗ ಅಲ್ಲಿಗೆ ಸಿಕ್ಕಿಸಿದ ಸಾಧನವನ್ನು ಅಲುಗಾಡಿಸಿದರೆ ಟಿಆರ್4 ಮತ್ತೆ ಸಾಯಲು ಅಷ್ಟೇ ಸಾಕು. ಸ್ಪಿರಿಟ್ಟಿನಿಂದ ಅದನ್ನು ಒರೆಸಿದೆ. ಸ್ಪೆಕ್ಟ್ರಮ್‌ಗೆ ಆನ್ ಆಫ್ ಸ್ವಿಚ್ ಇಲ್ಲದ ಕಾರಣ ಪ್ಲಗ್ ಚುಚ್ಚುವಾಗಲೆಲ್ಲ 9 ವೋಲ್ಟ್ ಒಂದೆರಡು ಬಾರಿ ಬಂದು ಹೋಗುತ್ತದೆ, ಅದರೊಂದಿಗೆ ಮೈನಸ್ 5 ಕೂಡ. ಹಾಗಾಗಿ ಅಡಾಪ್ಟರಿನ ತಂತಿಯ ನಡುವೆ 2 ಆಂಪಿಯರಿನ ಸ್ವಿಚ್ಚೊಂದನ್ನು ಸೇರಿಸಿ, ಅದರ ಮೇಲೆ "ನಡುವೆ ಮೈನಸ್, ಹೊರಗೆ ಪ್ಲಸ್" ಎಂದು ಬರೆದ ಚೀಟಿ ಅಂಟಿಸಿದ್ದೇನೆ.